ಕಡತ ಕಾಣದಿದ್ದಾಗ ಮಾಡಬೇಕಾದುದು: ಗಣಕಯಂತ್ರದ ‘ಫೈಲ್ ಎಕ್ಸ್‌ಪ್ಲೋರರ್’ ತೊಂದರೆಗಳು ಮತ್ತು ಪರಿಹಾರ

ವರ್ತಕರ ಮತ್ತು ಸಣ್ಣ ಕೈಗಾರಿಕೋದ್ಯಮಿಗಳ ಕಚೇರಿಗಳಲ್ಲಿ ಕೆಂಪು ರಟ್ಟಿನ ಖಾತೆ ಪುಸ್ತಕಗಳ ಸ್ಥಾನವನ್ನು ಗಣಕಯಂತ್ರವು ಪಡೆದು ಬಹುಕಾಲವಾಯಿತು. ಖರೀದಿ ಬಿಲ್ಲುಗಳ ಪ್ರತಿ, ಇ-ವೇ ಬಿಲ್ಲು, ಜಿಎಸ್‌ಟಿ ರಿಟರ್ನುಗಳು, ಬ್ಯಾಂಕಿನ ಲೆಕ್ಕಪಟ್ಟಿ, ಭವಿಷ್ಯನಿಧಿಯ ಚಲನ್, ಟ್ಯಾಲಿ ತಂತ್ರಾಂಶದ ದತ್ತಾಂಶ, ಇವೆಲ್ಲವೂ ಇಂದು ಕಡತಗಳ ರೂಪದಲ್ಲಿಯೇ ಇರುತ್ತವೆ. ಇವನ್ನು ಕಾಪಾಡಿಕೊಳ್ಳುವುದು ಕೇವಲ ಅನುಕೂಲದ ಮಾತಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೇ ಕಲಮಿನಂತೆ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕಡೆಯ ದಿನಾಂಕದಿಂದ 72 ತಿಂಗಳುಗಳ ಕಾಲ ಲೆಕ್ಕಪತ್ರಗಳನ್ನು ಉಳಿಸಿಕೊಳ್ಳಬೇಕು. ಕಂಪನಿಯಾಗಿ ನೋಂದಣಿಯಾದ ಸಂಸ್ಥೆಗಳು 2013ರ ಕಂಪನಿ ಕಾಯಿದೆಯ 128ನೇ ಕಲಮಿನ ಪ್ರಕಾರ ಕನಿಷ್ಠ 8 ಆರ್ಥಿಕ ವರ್ಷಗಳ ಪುಸ್ತಕಗಳನ್ನು ಇಟ್ಟುಕೊಳ್ಳಬೇಕು. ತೆರಿಗೆ ಅಧಿಕಾರಿಗಳು ಹಳೆಯ ವರ್ಷದ ಖರೀದಿಗೆ ಪುರಾವೆ ಕೇಳಿದಾಗ ‘ಫೈಲು ಕಂಪ್ಯೂಟರಿನಲ್ಲಿ ಕಾಣುತ್ತಿಲ್ಲ’ ಎಂಬ ಉತ್ತರವು ಹೂಡುವಳಿ ತೆರಿಗೆ ಜಮೆಯನ್ನು ಉಳಿಸಿಕೊಡುವುದಿಲ್ಲ.

ಆದರೆ ‘ಕಾಣುತ್ತಿಲ್ಲ’ ಎಂಬುದಕ್ಕೂ ‘ಇಲ್ಲ’ ಎಂಬುದಕ್ಕೂ ಬಹಳ ವ್ಯತ್ಯಾಸವಿದೆ. ವಿಂಡೋಸ್ ಗಣಕಯಂತ್ರದಲ್ಲಿ ಹಳದಿ ಫೋಲ್ಡರಿನ ಚಿಹ್ನೆಯನ್ನು ಒತ್ತಿದಾಗ ತೆರೆದುಕೊಳ್ಳುವ ಕಿಟಕಿಯೇ ಫೈಲ್ ಎಕ್ಸ್‌ಪ್ಲೋರರ್. 1995ರ ವಿಂಡೋಸ್ 95ರೊಂದಿಗೆ ‘ವಿಂಡೋಸ್ ಎಕ್ಸ್‌ಪ್ಲೋರರ್’ ಎಂಬ ಹೆಸರಿನಿಂದ ಬಂದ ಇದಕ್ಕೆ 2012ರ ವಿಂಡೋಸ್ 8ರಲ್ಲಿ ಈಗಿನ ಹೆಸರು ದೊರೆಯಿತು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಹಾರ್ಡ್ ಡಿಸ್ಕ್ ಗೋದಾಮು, ಎಕ್ಸ್‌ಪ್ಲೋರರ್ ದಾಸ್ತಾನು ಪುಸ್ತಕ. ಪುಸ್ತಕದಲ್ಲಿ ನಮೂದಿಲ್ಲದ ಮಾತ್ರಕ್ಕೆ ಗೋದಾಮಿನಲ್ಲಿ ಸರಕಿಲ್ಲವೆಂದು ಯಾವ ವರ್ತಕರೂ ತೀರ್ಮಾನಿಸುವುದಿಲ್ಲ. ಮೊದಲು ಗೋದಾಮಿಗೆ ಹೋಗಿ ಎಣಿಸುತ್ತಾರೆ. ಗಣಕಯಂತ್ರದ ವಿಷಯದಲ್ಲಿ ಮಾತ್ರ ಗಾಬರಿಯಿಂದ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿಸುವ ಪರಿಪಾಠ ಏಕೆ ಬಂದಿತೋ ತಿಳಿಯದು.

ಮೊದಲು ಎಣಿಕೆ

ಕಡತ ಅಥವಾ ಫೋಲ್ಡರ್ ಕಾಣದಾದಾಗ ಆ ಡ್ರೈವಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಬೇಕು. ಎಷ್ಟು ಸ್ಥಳ ಬಳಕೆಯಾಗಿದೆ, ಎಷ್ಟು ಖಾಲಿಯಿದೆ ಎಂಬುದು ಅಲ್ಲಿ ತಿಳಿಯುತ್ತದೆ. 16 ಜಿಬಿಯ ಪೆನ್ ಡ್ರೈವಿನಲ್ಲಿ 9 ಜಿಬಿ ಬಳಕೆಯಾಗಿದೆಯೆಂದು ತೋರುತ್ತಿದ್ದು ಕಿಟಕಿಯಲ್ಲಿ ಮಾತ್ರ ಏನೂ ಇಲ್ಲದಿದ್ದರೆ ಸರಕು ಗೋದಾಮಿನಲ್ಲಿಯೇ ಇದೆಯೆಂದೂ, ಪುಸ್ತಕದಲ್ಲಷ್ಟೇ ದೋಷವೆಂದೂ ಬಹುಮಟ್ಟಿಗೆ ನಂಬಬಹುದು. ಬಳಕೆಯಾದ ಸ್ಥಳವೇ ಕುಸಿದಿದ್ದರೆ ಕಡತ ನಿಜಕ್ಕೂ ಅಳಿಸಿಹೋಗಿರುವ ಸಂಭವವಿದೆ. ಅಂತಹ ಸಂದರ್ಭದಲ್ಲಿ ರೀಸೈಕಲ್ ಬಿನ್ ನೋಡಬೇಕು. ಅಲ್ಲಿಯೂ ಇಲ್ಲದಿದ್ದರೆ ಆ ಡ್ರೈವಿನ ಮೇಲೆ ಹೊಸದಾಗಿ ಏನನ್ನೂ ಬರೆಯದೆ ನಿಲ್ಲಿಸಬೇಕು. ಅಳಿಸಿದ ಕಡತದ ಸ್ಥಳದ ಮೇಲೆ ಹೊಸ ದತ್ತಾಂಶ ಕುಳಿತರೆ ಹಿಂಪಡೆಯುವುದು ಅಸಾಧ್ಯವಾಗುತ್ತದೆ. ಪೆನ್ ಡ್ರೈವಿನಿಂದ ಅಳಿಸಿದ ಕಡತ ಸಾಮಾನ್ಯವಾಗಿ ರೀಸೈಕಲ್ ಬಿನ್ನಿಗೆ ಹೋಗುವುದೇ ಇಲ್ಲವೆಂಬುದನ್ನೂ ನೆನಪಿಡಬೇಕು.

ಬೆಳಿಗ್ಗೆ ಗಣಕಯಂತ್ರ ಚಾಲೂ ಮಾಡಿದೊಡನೆ ಡೆಸ್ಕ್‌ಟಾಪ್ ಪೂರ್ತಿ ಖಾಲಿಯಾಗಿ, ಹಿನ್ನೆಲೆಯ ಚಿತ್ರವೂ ಬದಲಾಗಿ ಕಂಡರೆ ಅದು ಬೇರೆಯೇ ಪ್ರಕರಣ. ಬಳಕೆದಾರರ ಖಾತೆ ಸರಿಯಾಗಿ ತೆರೆಯದೆ ವಿಂಡೋಸ್ ಒಂದು ತಾತ್ಕಾಲಿಕ ಖಾತೆಯನ್ನು ಒದಗಿಸಿರುತ್ತದೆ. ಹಳೆಯ ಕಡತಗಳು ಸಿ ಡ್ರೈವಿನ ‘ಯೂಸರ್ಸ್’ ಫೋಲ್ಡರಿನೊಳಗೆ ಹಳೆಯ ಹೆಸರಿನಲ್ಲಿ ಹಾಗೆಯೇ ಇರುತ್ತವೆ. ಅಪಾಯವಿರುವುದು ಹೊಸ ಕೆಲಸಕ್ಕೆ: ತಾತ್ಕಾಲಿಕ ಖಾತೆಯ ಡೆಸ್ಕ್‌ಟಾಪಿನಲ್ಲಿ ಉಳಿಸಿದ್ದೆಲ್ಲವೂ ಲಾಗ್ ಆಫ್ ಮಾಡಿದೊಡನೆ ಹೋಗಿಬಿಡುತ್ತದೆ. ಆದ್ದರಿಂದ ಆ ದಿನದ ಬಿಲ್ಲಿಂಗ್ ಆರಂಭಿಸುವ ಮುನ್ನವೇ ಯಂತ್ರವನ್ನು ಒಮ್ಮೆ ಮರುಚಾಲನೆ ಮಾಡುವುದು ಕ್ಷೇಮ.

ಕಿಟಕಿ ಬಿಳಿಯಾಗಿ ನಿಂತುಬಿಡುವುದು, ಹೊಸದಾಗಿ ಉಳಿಸಿದ ಕಡತ ತೋರದಿರುವುದು, ಅಳಿಸಿದ ಕಡತ ಇನ್ನೂ ತೋರುವುದು, ಇವು ಸಾಮಾನ್ಯ ಕಾಯಿಲೆಗಳು. ಮೊದಲು ಎಫ್ 5 ಕೀಲಿಯನ್ನು ಒತ್ತಿ ಪಟ್ಟಿಯನ್ನು ಹೊಸದಾಗಿಸಬೇಕು. ಪ್ರಯೋಜನವಾಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದಾಗ ಬರುವ ಟಾಸ್ಕ್ ಮ್ಯಾನೇಜರಿನಲ್ಲಿ ‘ವಿಂಡೋಸ್ ಎಕ್ಸ್‌ಪ್ಲೋರರ್’ ಎಂಬ ಸಾಲನ್ನು ಆರಿಸಿ ‘ರೀಸ್ಟಾರ್ಟ್’ ಒತ್ತಬೇಕು. ಪರದೆಯ ಕೆಳಗಿನ ಪಟ್ಟಿ ಒಂದೆರಡು ಕ್ಷಣ ಮಾಯವಾಗಿ ಮರಳುತ್ತದೆ. ಅದೂ ಇದೇ ಎಕ್ಸ್‌ಪ್ಲೋರರಿನ ಭಾಗವಾದುದರಿಂದ ಹೆದರಬೇಕಾಗಿಲ್ಲ. ತೆರೆದಿರುವ ಟ್ಯಾಲಿಗಾಗಲಿ ಎಕ್ಸೆಲ್‌ಗಾಗಲಿ ಇದರಿಂದ ಬಾಧೆಯಿಲ್ಲ, ಆದರೂ ಮಾಡುತ್ತಿರುವ ಕೆಲಸವನ್ನು ಉಳಿಸಿಕೊಂಡು ಮುಂದುವರಿಯುವುದು ವಿವೇಕ.

ಜೋಡಣೆ, ಶೋಧಕ ಮತ್ತು ತಿಂಗಳುಗಳ ಗೊಂದಲ

ಕಡತ ಕಳೆಯಿತೆಂಬ ದೂರುಗಳಲ್ಲಿ ಅನೇಕವು ಜೋಡಣೆಯ ದೋಷಗಳೇ ಆಗಿರುತ್ತವೆ. ‘ಡಿಟೇಲ್ಸ್’ ನೋಟದಲ್ಲಿ ಅಂಕಣದ ತಲೆಬರಹದ ಪಕ್ಕದ ಬಾಣವನ್ನು ಒತ್ತಿ ಯಾರಾದರೂ ಒಂದು ದಿನಾಂಕವನ್ನೋ ಒಂದು ಬಗೆಯನ್ನೋ ಆರಿಸಿದ್ದರೆ, ಅದಕ್ಕೆ ಹೊಂದುವ ಕಡತಗಳು ಮಾತ್ರ ಕಾಣುತ್ತವೆ. ಆ ತಲೆಬರಹದಲ್ಲಿ ಸಣ್ಣ ‘ಸರಿ’ ಗುರುತು ಇರುತ್ತದೆ. ಅದನ್ನು ತೆಗೆದರೆ ಎಲ್ಲವೂ ಮರಳುತ್ತದೆ. ಮೇಲಿನ ಹುಡುಕಾಟದ ಪೆಟ್ಟಿಗೆಯಲ್ಲಿ ಹಳೆಯ ಪದ ಉಳಿದಿದ್ದರೂ ಇದೇ ಪರಿಣಾಮ. ವಿಂಡೋಸ್ 10ರ 2019ರ 1903 ಆವೃತ್ತಿಯಿಂದ ‘ಡೌನ್‌ಲೋಡ್ಸ್’ ಫೋಲ್ಡರ್ ತಾನಾಗಿಯೇ ದಿನಾಂಕದ ಗುಂಪುಗಳಾಗಿ ತೋರುತ್ತದೆ. ಗುಂಪಿನ ತಲೆಬರಹ ಮಡಚಿಕೊಂಡಿದ್ದರೆ ಅದರೊಳಗಿನ ಕಡತಗಳು ಅಡಗುತ್ತವೆ. ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ ‘ಗ್ರೂಪ್ ಬೈ’ ಅಡಿಯಲ್ಲಿ ‘ನನ್’ ಆರಿಸಿದರೆ ಗುಂಪುಗಳು ಹೋಗುತ್ತವೆ. ಪ್ರತಿ ಫೋಲ್ಡರೂ ಒಂದೊಂದು ರೀತಿ ತೋರುತ್ತಿದ್ದರೆ ‘ಫೋಲ್ಡರ್ ಆಪ್ಷನ್ಸ್’ನ ‘ವ್ಯೂ’ ಪುಟದಲ್ಲಿ ‘ರೀಸೆಟ್ ಫೋಲ್ಡರ್ಸ್’ ಇದೆ.

ತಿಂಗಳುಗಳ ಹೆಸರಿನಲ್ಲಿ ಫೋಲ್ಡರ್ ಮಾಡುವವರಿಗೆ ಇನ್ನೊಂದು ತೊಡಕು. ಯಂತ್ರಕ್ಕೆ ಆರ್ಥಿಕ ವರ್ಷ ತಿಳಿಯದು. ಇಂಗ್ಲಿಷ್ ಹೆಸರುಗಳಾದರೆ ಏಪ್ರಿಲ್ ಆದ ಮೇಲೆ ಆಗಸ್ಟ್, ಆಮೇಲೆ ಡಿಸೆಂಬರ್ ಬರುತ್ತದೆ. 2025-04, 2025-05 ಎಂದು ವರ್ಷ ಮತ್ತು ತಿಂಗಳ ಅಂಕಿಯನ್ನು ಮುಂದಿಟ್ಟರೆ ಮಾರ್ಚ್‌ವರೆಗೂ ತಾನಾಗಿಯೇ ಸರಿಯಾದ ಸಾಲು ದೊರೆಯುತ್ತದೆ. ದಿನಾಂಕದ ಅಂಕಣವನ್ನು ಓದುವುದರಲ್ಲಿಯೂ ಎಚ್ಚರ ಬೇಕು. ಕಡತವನ್ನು ಬೇರೆ ಡ್ರೈವಿಗೆ ನಕಲು ಮಾಡಿದಾಗ ‘ಡೇಟ್ ಕ್ರಿಯೇಟೆಡ್’ ನಕಲಿಸಿದ ದಿನದ್ದಾಗುತ್ತದೆ. ‘ಡೇಟ್ ಮಾಡಿಫೈಡ್’ ಹಳೆಯದೇ ಉಳಿಯುತ್ತದೆ. ಸೃಷ್ಟಿಯಾದ ದಿನ ತಿದ್ದುಪಡಿಯಾದ ದಿನಕ್ಕಿಂತ ಈಚಿನದಾಗಿ ಕಂಡರೆ ಲೆಕ್ಕವನ್ನು ಯಾರೋ ತಿದ್ದಿದರೆಂದು ಗುಮಾಸ್ತರ ಮೇಲೆ ಸಂಶಯಪಡುವುದು ಅನ್ಯಾಯವಾದೀತು.

ಟ್ಯಾಲಿಯ ದತ್ತಾಂಶದ ಫೋಲ್ಡರುಗಳಿಗೆ ಸಂಸ್ಥೆಯ ಹೆಸರಿರುವುದಿಲ್ಲ, 10000, 10001 ಎಂಬಂತಹ ಸಂಖ್ಯೆಗಳಿರುತ್ತವೆ. ಎಕ್ಸ್‌ಪ್ಲೋರರಿನಲ್ಲಿ ಇವು ಅರ್ಥವಿಲ್ಲದ ಫೋಲ್ಡರುಗಳಂತೆ ಕಾಣುವುದರಿಂದ, ಯಂತ್ರ ನಿಧಾನವಾಯಿತೆಂದು ‘ಕಸ ಗುಡಿಸುವ’ ಉತ್ಸಾಹದಲ್ಲಿ ಇವನ್ನೇ ಅಳಿಸುವ ಅಪಾಯವಿದೆ. ಯಾವ ಸಂಖ್ಯೆ ಯಾವ ಸಂಸ್ಥೆಯದೆಂಬುದನ್ನು ಒಂದು ಕಾಗದದಲ್ಲಿ ಬರೆದಿಡುವುದಕ್ಕೆ ಐದು ನಿಮಿಷ ಸಾಕು.

ಪೆನ್ ಡ್ರೈವಿನ ‘ಶಾರ್ಟ್‌ಕಟ್’ ವೈರಸ್

ಅಂಗಡಿ, ಸೈಬರ್ ಕೇಂದ್ರ, ಲೆಕ್ಕಪರಿಶೋಧಕರ ಕಚೇರಿ ಎಂದು ಓಡಾಡುವ ಪೆನ್ ಡ್ರೈವುಗಳಿಗೆ ತಗಲುವ ಹಳೆಯ ರೋಗವಿದು. ಡ್ರೈವ್ ತೆರೆದಾಗ ಪ್ರತಿಯೊಂದು ಫೋಲ್ಡರಿನ ಚಿಹ್ನೆಯ ಮೂಲೆಯಲ್ಲಿ ಸಣ್ಣ ಬಾಗಿದ ಬಾಣವಿರುತ್ತದೆ, ಗಾತ್ರ ಒಂದೆರಡು ಕೆಬಿ ಮಾತ್ರ. ಇವು ಫೋಲ್ಡರುಗಳಲ್ಲ, ದಾರಿ ತೋರುವ ಫಲಕಗಳು. ನಿಜವಾದ ಫೋಲ್ಡರುಗಳಿಗೆ ವೈರಸ್ಸು ‘ಗುಪ್ತ’ ಮತ್ತು ‘ವ್ಯವಸ್ಥೆಗೆ ಸೇರಿದ್ದು’ ಎಂಬ ಎರಡು ಮುದ್ರೆಗಳನ್ನೊತ್ತಿ ಮರೆಮಾಡಿ, ಅದೇ ಹೆಸರಿನ ಫಲಕವನ್ನು ಮುಂದೆ ನಿಲ್ಲಿಸಿರುತ್ತದೆ. ಫಲಕವನ್ನು ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಜೊತೆಗೆ ವೈರಸ್ಸೂ ಓಡುತ್ತದೆ. ಕೆಲಸ ನಡೆಯುತ್ತಲೇ ಇರುವುದರಿಂದ ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದಿರುವುದೇ ಇದರ ಜಾಣತನ.

ಇಲ್ಲಿ ‘ಫಾರ್ಮ್ಯಾಟ್ ಮಾಡಿ’ ಎಂಬ ಸಲಹೆಯನ್ನು ಒಪ್ಪಬಾರದು. ಮೊದಲು ವೈರಸ್ ನಿರೋಧಕ ತಂತ್ರಾಂಶವಿರುವ ಯಂತ್ರದಲ್ಲಿ, ಯಾವ ಚಿಹ್ನೆಯನ್ನೂ ಒತ್ತದೆ, ಡ್ರೈವಿನ ಪೂರ್ಣ ತಪಾಸಣೆ ಮಾಡಿಸಬೇಕು. ಬಳಿಕ ‘ಫೋಲ್ಡರ್ ಆಪ್ಷನ್ಸ್’ನ ‘ವ್ಯೂ’ ಪುಟದಲ್ಲಿ ಗುಪ್ತ ಕಡತಗಳನ್ನು ತೋರಿಸುವ ಆಯ್ಕೆಯನ್ನು ಆರಿಸಬೇಕು. ಅಷ್ಟು ಮಾತ್ರ ಸಾಲದು. ಅದರ ಸಮೀಪದಲ್ಲಿಯೇ ಇರುವ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎಂಬುದರ ಗುರುತನ್ನೂ ತೆಗೆಯಬೇಕು. ಎರಡು ಮುದ್ರೆಗಳಿರುವುದರಿಂದ ಎರಡೂ ಬಾಗಿಲುಗಳನ್ನು ತೆರೆಯಬೇಕಾಗುತ್ತದೆ. ಆಗ ನಿಜವಾದ ಫೋಲ್ಡರುಗಳು ಮಸುಕು ಬಣ್ಣದಲ್ಲಿ ಕಾಣಿಸುತ್ತವೆ. ಪ್ರಾಪರ್ಟೀಸ್‌ನಲ್ಲಿರುವ ‘ಹಿಡನ್’ ಚೌಕ ಮಂಕಾಗಿದ್ದು ಬದಲಾಯಿಸಲು ಬಾರದಿರುವುದಕ್ಕೂ ವ್ಯವಸ್ಥೆಯ ಆ ಎರಡನೆಯ ಮುದ್ರೆಯೇ ಕಾರಣ. ಅದನ್ನು ಕಮಾಂಡ್ ಪ್ರಾಂಪ್ಟಿನಲ್ಲಿ ‘ಆಟ್ರಿಬ್’ ಎಂಬ ಆದೇಶದಿಂದ, ಹೆಚ್, ಆರ್, ಎಸ್ ಅಕ್ಷರಗಳ ಹಿಂದೆ ಒಂದೊಂದು ಕಳೆಯುವ ಚಿಹ್ನೆ ಹಾಕಿ ಅಳಿಸಬೇಕು. ದುರಸ್ತಿಗೆ ಬಂದವರಿಗೆ ಇಷ್ಟು ಹೇಳಿದರೆ ಉಳಿದುದು ಅವರಿಗೆ ತಿಳಿಯುತ್ತದೆ. ಕಡತಗಳನ್ನು ಬೇರೆಡೆಗೆ ನಕಲು ಮಾಡಿ, ಒಂದೆರಡನ್ನು ತೆರೆದು ಪರೀಕ್ಷಿಸಿದ ಮೇಲೆ ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಿದರೆ ಅಡ್ಡಿಯಿಲ್ಲ. ಎರಡನೆಯ ಗುರುತನ್ನು ಆಮೇಲೆ ಮತ್ತೆ ಹಾಕಿಡಬೇಕು. ಇಲ್ಲದಿದ್ದರೆ ವಿಂಡೋಸ್‌ನ ಸ್ವಂತ ಕಡತಗಳು ಎದುರಿಗೆ ಕಂಡು, ಬೇಡದವೆಂದು ಯಾರಾದರೂ ಅಳಿಸಿಯಾರು.

ಬಾಗಿದ ಬಾಣ ಕಂಡಲ್ಲೆಲ್ಲ ವೈರಸ್ಸೆಂದಲ್ಲ. ವರ್ಷಾಂತ್ಯದ ಲೆಕ್ಕಪರಿಶೋಧನೆಗೆಂದು ಪೆನ್ ಡ್ರೈವಿನಲ್ಲಿ ದತ್ತಾಂಶ ಕಳುಹಿಸುವವರು ಡೆಸ್ಕ್‌ಟಾಪಿನ ಮೇಲಿನ ಶಾರ್ಟ್‌ಕಟ್ಟನ್ನೇ ನಕಲು ಮಾಡಿ ಕಳುಹಿಸುವುದುಂಟು. ಕೊಟ್ಟವರ ಯಂತ್ರದಲ್ಲಿ ಅದು ಚೆನ್ನಾಗಿಯೇ ತೆರೆಯುತ್ತದೆ, ಪಡೆದವರ ಯಂತ್ರದಲ್ಲಿ ತೆರೆಯುವುದಿಲ್ಲ. ಮನೆಯ ವಿಳಾಸದ ಚೀಟಿಯನ್ನು ಕಳುಹಿಸಿ ಮನೆಯನ್ನೇ ಕಳುಹಿಸಿದೆವೆಂದು ತಿಳಿದಂತೆ. ಗಾತ್ರದ ಅಂಕಣವನ್ನು ನೋಡುವ ಅಭ್ಯಾಸವಿದ್ದರೆ ಈ ಅನರ್ಥ ಆಗುವುದಿಲ್ಲ.

ಹೆಸರಿನ ಬಾಲ ಕಾಣಲೇಬೇಕು

ಕಡತದ ಹೆಸರಿನ ಕೊನೆಯಲ್ಲಿ ಬಿಂದುವಿನ ನಂತರ ಬರುವ ಪಿಡಿಎಫ್, ಎಕ್ಸ್‌ಎಲ್‌ಎಸ್‌ಎಕ್ಸ್ ಮುಂತಾದ ಅಕ್ಷರಗಳಿಗೆ ಎಕ್ಸ್‌ಟೆನ್ಶನ್ ಎಂದು ಹೆಸರು. ಪರಿಚಿತ ಬಗೆಯ ಕಡತಗಳಲ್ಲಿ ಈ ಬಾಲವನ್ನು ವಿಂಡೋಸ್ ತಾನಾಗಿಯೇ ಮರೆಮಾಡುತ್ತದೆ. ನೋಟಕ್ಕೆ ಅಚ್ಚುಕಟ್ಟೆನಿಸಿದರೂ ವ್ಯಾಪಾರಸ್ಥರ ಮಟ್ಟಿಗೆ ಇದು ತೀರ ತಪ್ಪಾದ ಏರ್ಪಾಡು. 2000ದ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ‘ಐ ಲವ್ ಯೂ’ ವೈರಸ್ ಈ ಮರೆಯಲ್ಲಿಯೇ ಬಂದಿತು. ಅದರ ಕಡತದ ಹೆಸರು ಟಿಎಕ್ಸ್‌ಟಿ ಎಂದು ಕೊನೆಗೊಂಡಂತೆ ತೋರುತ್ತಿತ್ತು. ಅದರಾಚೆಗೆ ವಿಬಿಎಸ್ ಎಂಬ ನಿಜವಾದ ಬಾಲವಿತ್ತು, ಅದು ಓಡುವ ಕ್ರಮವಿಧಿಯಾಗಿತ್ತು. ಇಂದು ಇದೇ ತಂತ್ರ ‘ಇನ್‌ವಾಯ್ಸ್’, ‘ಪರ್ಚೇಸ್ ಆರ್ಡರ್’, ‘ಪೇಮೆಂಟ್ ಅಡ್ವೈಸ್’ ಎಂಬ ಹೆಸರುಗಳಲ್ಲಿ ಬರುತ್ತದೆ. ಹೆಸರು ಪಿಡಿಎಫ್ ಎಂದು ಮುಗಿದಂತಿರುತ್ತದೆ, ಚಿಹ್ನೆಯೂ ಪಿಡಿಎಫ್‌ನದೇ; ಬಾಲವನ್ನು ತೋರಿಸಿದಾಗ ಅದರ ಮುಂದೆ ಇಎಕ್ಸ್‌ಇ ಎಂದಿರುತ್ತದೆ. ಚಿಹ್ನೆಯನ್ನು ಯಾರು ಬೇಕಾದರೂ ಅಂಟಿಸಬಹುದು, ಬಾಲವನ್ನು ಮರೆಸುವುದು ಅಷ್ಟು ಸುಲಭವಲ್ಲ. ಇಂತಹ ಒಂದು ಕಡತವನ್ನು ತೆರೆದರೆ ಸಂಸ್ಥೆಯ ದತ್ತಾಂಶವೆಲ್ಲ ಬೀಗ ಬಿದ್ದು, ಬಿಡಿಸಲು ಹಣ ಕೇಳುವ ಸಂದೇಶ ಪರದೆಯ ಮೇಲೆ ಬರಬಹುದು.

ಸರಿಪಡಿಸುವುದು ಸುಲಭ. ವಿಂಡೋಸ್ 11ರಲ್ಲಿ ಎಕ್ಸ್‌ಪ್ಲೋರರಿನ ‘ವ್ಯೂ’, ಅದರೊಳಗೆ ‘ಶೋ’, ಅದರಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’. ವಿಂಡೋಸ್ 10ರಲ್ಲಿ ‘ವ್ಯೂ’ ಪಟ್ಟಿಯಲ್ಲಿಯೇ ಅದೇ ಹೆಸರಿನ ಚೌಕ. ಇನ್ನೊಂದು ಲಾಭವೂ ಇದೆ. ಜಿಎಸ್‌ಟಿ ರಿಟರ್ನಿಗಾಗಿ ಸಿದ್ಧಪಡಿಸಿದ ಎಕ್ಸೆಲ್ ಹಾಳೆಯೂ ಅದರಿಂದ ಹೊರಟ ಜೇಸನ್ ಕಡತವೂ ಒಂದೇ ಹೆಸರಿನಲ್ಲಿದ್ದಾಗ ಯಾವುದನ್ನು ಪೋರ್ಟಲಿಗೆ ಏರಿಸಬೇಕೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಹೆಸರು ಬದಲಾಯಿಸುವಾಗ ಮಾತ್ರ ಬಾಲವನ್ನು ಮುಟ್ಟಬಾರದು. ಅದನ್ನು ಅಳಿಸಿದರೆ ಕಡತವನ್ನು ಯಾವ ತಂತ್ರಾಂಶದಲ್ಲಿ ತೆರೆಯಬೇಕೆಂದು ಯಂತ್ರಕ್ಕೆ ತಿಳಿಯದಾಗುತ್ತದೆ. ಬಾಲವನ್ನು ಮತ್ತೆ ಬರೆದರೆ ಸರಿಹೋಗುತ್ತದೆ.

ಪಿಡಿಎಫ್ ಇಣುಕುನೋಟ ಏಕೆ ನಿಂತಿತು

ಬಿಲ್ಲುಗಳನ್ನು ಒಂದೊಂದಾಗಿ ತೆರೆಯದೆ ಬಲಬದಿಯ ‘ಪ್ರಿವ್ಯೂ’ ಅಂಕಣದಲ್ಲಿಯೇ ನೋಡುವವರಿಗೆ 2025ರ ಅಕ್ಟೋಬರ್ ನಂತರ ಒಂದು ಬದಲಾವಣೆ ಕಂಡಿರಬಹುದು. ಅಂತರಜಾಲದಿಂದ ಇಳಿಸಿಕೊಂಡ ಕಡತಗಳಿಗೆ ಇಣುಕುನೋಟದ ಬದಲು, ಈ ಕಡತ ಯಂತ್ರಕ್ಕೆ ಹಾನಿ ಮಾಡಬಹುದೆಂಬ ಎಚ್ಚರಿಕೆ ಬರುತ್ತದೆ. ಇದು ಯಂತ್ರದ ದೋಷವಲ್ಲ. 2025ರ ಅಕ್ಟೋಬರ್ 14ರಿಂದ ಬಂದ ಭದ್ರತಾ ಪರಿಷ್ಕರಣೆಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೇ ಇದನ್ನು ಜಾರಿಗೊಳಿಸಿತು. ಕೆಲವು ಕಡತಗಳನ್ನು ತೆರೆಯದೆ ಇಣುಕಿ ನೋಡಿದ ಮಾತ್ರಕ್ಕೆ ಬಳಕೆದಾರರ ಲಾಗಿನ್ ಗುರುತು ಹೊರಗೆ ಸೋರುವ ಸಾಧ್ಯತೆ ಇದ್ದುದೇ ಕಾರಣ. ಸರ್ಕಾರಿ ಪೋರ್ಟಲಿನಿಂದಲೋ ಪರಿಚಿತ ಸರಬರಾಜುದಾರರಿಂದಲೋ ಬಂದ ಕಡತವಾದರೆ ಅದರ ಪ್ರಾಪರ್ಟೀಸ್‌ನಲ್ಲಿ ಕೆಳಗಿರುವ ‘ಅನ್‌ಬ್ಲಾಕ್’ ಚೌಕವನ್ನು ಗುರುತಿಸಿ ಓಕೆ ಒತ್ತಬಹುದು. ಪರಿಷ್ಕರಣೆಯನ್ನೇ ತೆಗೆದುಹಾಕಿಸುವುದು ಬೇಡ.

ಚಿತ್ರಗಳ ಕಿರುನೋಟ ಕಾಣದೆ ಬರಿಯ ಚಿಹ್ನೆ ಕಾಣುತ್ತಿದ್ದರೆ ‘ಆಲ್ವೇಸ್ ಶೋ ಐಕಾನ್ಸ್, ನೆವರ್ ಥಂಬ್‌ನೇಲ್ಸ್’ ಎಂಬ ಆಯ್ಕೆಯ ಗುರುತನ್ನು ತೆಗೆಯಬೇಕು. ಕಿರುನೋಟ ತಪ್ಪಾಗಿ, ಒಂದರದು ಇನ್ನೊಂದಕ್ಕೆ ತೋರುತ್ತಿದ್ದರೆ ‘ಡಿಸ್ಕ್ ಕ್ಲೀನಪ್’ನಲ್ಲಿ ‘ಥಂಬ್‌ನೇಲ್ಸ್’ ಮಾತ್ರ ಆರಿಸಿ ಅಳಿಸಿದರೆ ಯಂತ್ರ ಹೊಸದಾಗಿ ರಚಿಸಿಕೊಳ್ಳುತ್ತದೆ.

ಕನ್ನಡದ ಹೆಸರುಗಳು

ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ನಿಜವಾಗಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕುಳಿತಿರುತ್ತವೆ. ವರ್ಡ್ ಒಳಗೆ ಫಾಂಟನ್ನು ಆರಿಸಬಹುದು, ಎಕ್ಸ್‌ಪ್ಲೋರರ್ ಮಾತ್ರ ತನ್ನದೇ ಫಾಂಟಿನಲ್ಲಿ ಹೆಸರು ತೋರಿಸುತ್ತದೆ. ಆದ್ದರಿಂದ ಆ ಲಿಪಿಯಲ್ಲಿ ಬರೆದ ಕಡತದ ಹೆಸರು ಅರ್ಥವಾಗದ ಗೀಚಿನಂತೆ ಕಾಣುತ್ತದೆ. ಕಡತ ಕೆಟ್ಟಿಲ್ಲ, ಯೂನಿಕೋಡ್ ಕೀಲಿಮಣೆಯಿಂದ ಹೆಸರನ್ನು ಹೊಸದಾಗಿ ಬರೆದರೆ ಸಾಕು. ಹಳೆಯ ವಿಂಡೋಸ್ 7 ಯಂತ್ರದಲ್ಲಿ ಕನ್ನಡ ಹೆಸರಿನ ಕಡತಗಳನ್ನು ಜಿಪ್ ಮಾಡಲು ಹೊರಟರೆ ಹೆಸರಿನ ಅಕ್ಷರಗಳು ಒಪ್ಪುವುದಿಲ್ಲವೆಂದು ಯಂತ್ರ ನಿರಾಕರಿಸುತ್ತಿತ್ತು. ಹೊರಗೆ ಕಳುಹಿಸಬೇಕಾದ ಕಡತಗಳಿಗೆ ಚಿಕ್ಕ ಇಂಗ್ಲಿಷ್ ಹೆಸರು, ಒಳಗಿನ ಬಳಕೆಗೆ ಕನ್ನಡ ಎಂಬ ಪದ್ಧತಿ ವ್ಯವಹಾರಕ್ಕೆ ಅನುಕೂಲ. ಹೆಸರು ಚಿಕ್ಕದಿರುವುದಕ್ಕೆ ಇನ್ನೊಂದು ಕಾರಣವೂ ಇದೆ: ಡ್ರೈವಿನಿಂದ ಹಿಡಿದು ಎಲ್ಲ ಫೋಲ್ಡರುಗಳ ಹೆಸರೂ ಸೇರಿ ಸುಮಾರು 260 ಅಕ್ಷರಗಳನ್ನು ಮೀರಿದರೆ ಎಕ್ಸ್‌ಪ್ಲೋರರ್ ಆ ಕಡತವನ್ನು ನಕಲಿಸಲು, ಹೆಸರು ಬದಲಿಸಲು ತೊಡಕು ಮಾಡುತ್ತದೆ.

ಮೋಡದ ಗುರುತು ಮತ್ತು ಕಚೇರಿಯ ಜಾಲ

ಇತ್ತೀಚಿನ ಯಂತ್ರಗಳಲ್ಲಿ ಒನ್‌ಡ್ರೈವ್ ಮೊದಲೇ ಇರುತ್ತದೆ. ಕಡತದ ಪಕ್ಕದಲ್ಲಿ ಹಸಿರು ಗುರುತಿದ್ದರೆ ಕಡತ ಯಂತ್ರದಲ್ಲಿದೆ. ನೀಲಿ ಮೋಡದ ಗುರುತಿದ್ದರೆ ಹೆಸರು ಮಾತ್ರ ಇಲ್ಲಿದೆ, ಸರಕು ದೂರದ ಗೋದಾಮಿನಲ್ಲಿದೆ. ಅಂತರಜಾಲವಿಲ್ಲದ ದಿನ ಅದು ತೆರೆಯುವುದಿಲ್ಲ. ರಿಟರ್ನ್ ಸಲ್ಲಿಸುವ ಕಡೆಯ ದಿನ ಇದು ಅರಿವಿಗೆ ಬರುವುದಕ್ಕಿಂತ ಮೊದಲೇ, ಮುಖ್ಯ ಫೋಲ್ಡರುಗಳ ಮೇಲೆ ಬಲಗುಂಡಿ ಒತ್ತಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಆರಿಸಿಡಬೇಕು. ಬಿಟ್ಟಿ ಖಾತೆಯ ಮಿತಿ 5 ಜಿಬಿ ಮಾತ್ರ. ಅದು ತುಂಬಿದ ಮೇಲೆ ಹೊಸ ಕಡತಗಳು ಮೇಲಕ್ಕೆ ಹೋಗುವುದಿಲ್ಲ. ಒನ್‌ಡ್ರೈವ್ ನಿಲ್ಲಿಸಿದಾಗ ಡೆಸ್ಕ್‌ಟಾಪ್ ಖಾಲಿಯಾಗಿ ಕಂಡರೆ ಕಡತಗಳನ್ನು ಒನ್‌ಡ್ರೈವ್ ಫೋಲ್ಡರಿನೊಳಗಿನ ‘ಡೆಸ್ಕ್‌ಟಾಪ್’ ಉಪಫೋಲ್ಡರಿನಲ್ಲಿ ನೋಡಬೇಕು. ಒಂದು ಯಂತ್ರದಲ್ಲಿ ಅಳಿಸಿದ್ದು ಎಲ್ಲೆಡೆಯೂ ಅಳಿಯುವುದರಿಂದ ಇದನ್ನೇ ಸಂಪೂರ್ಣ ಬ್ಯಾಕಪ್ ಎಂದು ನಂಬಿ, ಬೇರೆ ಹಾರ್ಡ್ ಡಿಸ್ಕಿನ ಪ್ರತಿಯನ್ನು ಕೈಬಿಡಬಾರದು.

ಎರಡು ಮೂರು ಯಂತ್ರಗಳನ್ನು ಜೋಡಿಸಿಕೊಂಡ ಕಚೇರಿಗಳಲ್ಲಿ ಜಾಲದ ಡ್ರೈವಿನ ಮೇಲೆ ಕೆಂಪು ಅಡ್ಡಗುರುತು ಬೀಳುವುದು ಸಾಮಾನ್ಯ. ಮುಖ್ಯ ಯಂತ್ರ ಚಾಲೂ ಆಗುವ ಮೊದಲೇ ಇತರ ಯಂತ್ರಗಳು ಚಾಲೂ ಆಗಿದ್ದರೆ ಹೀಗಾಗುತ್ತದೆ; ಡ್ರೈವನ್ನು ಎರಡು ಬಾರಿ ಒತ್ತಿದರೆ ಸಾಮಾನ್ಯವಾಗಿ ತೆರೆಯುತ್ತದೆ. ‘ನೆಟ್‌ವರ್ಕ್’ ಎಂಬಲ್ಲಿ ಬೇರೆ ಯಂತ್ರಗಳ ಹೆಸರೇ ತೋರದಿದ್ದರೆ ಕಚೇರಿಯ ಜಾಲವನ್ನು ವಿಂಡೋಸ್ ‘ಪಬ್ಲಿಕ್’ ಎಂದು ಭಾವಿಸಿದೆಯೇ ಎಂದು ನೋಡಿ, ‘ಪ್ರೈವೇಟ್’ ಎಂದು ಬದಲಿಸಿ, ‘ನೆಟ್‌ವರ್ಕ್ ಡಿಸ್ಕವರಿ’ ಚಾಲೂ ಮಾಡಬೇಕು.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಕಾರಣ ಅನೇಕರು ಹೊಸ ಯಂತ್ರ ಕೊಂಡಿದ್ದಾರೆ. ಹೊಸ ಯಂತ್ರದಲ್ಲಿ ಹಳೆಯ ಹಂಚಿಕೆಯ ಫೋಲ್ಡರ್ ಅಥವಾ ಜಾಲದ ಹಾರ್ಡ್ ಡಿಸ್ಕ್ ಪೆಟ್ಟಿಗೆ ತೆರೆಯುತ್ತಿಲ್ಲವೆಂಬ ತೊಂದರೆಗೆ ಕಾರಣವಿದೆ. ವಿಂಡೋಸ್ 11ರ 2024ರ 24ಹೆಚ್2 ಆವೃತ್ತಿಯ ಪ್ರೊ ಬಗೆಯಲ್ಲಿ ಗುಪ್ತಪದವಿಲ್ಲದ ‘ಅತಿಥಿ’ ಪ್ರವೇಶವನ್ನು ನಿಲ್ಲಿಸಲಾಗಿದೆ, ಸಂಪರ್ಕಕ್ಕೆ ಸಹಿ ಪರಿಶೀಲನೆಯನ್ನೂ ಕಡ್ಡಾಯ ಮಾಡಲಾಗಿದೆ. ಈ ಕಾವಲನ್ನು ಸಡಿಲಿಸಿ ಕೆಲಸ ಸಾಗಿಸಿಕೊಡುವ ತಂತ್ರಜ್ಞರಿದ್ದಾರೆ, ಅದು ಅಂಗಡಿಯ ಹಿಂಬಾಗಿಲ ಚಿಲಕ ತೆಗೆದಿಟ್ಟಂತೆ. ಸರಿಯಾದ ಕ್ರಮವೆಂದರೆ ದತ್ತಾಂಶವಿರುವ ಯಂತ್ರದಲ್ಲಿ ಪ್ರತಿ ನೌಕರರಿಗೂ ಬೇರೆ ಬೇರೆ ಬಳಕೆದಾರರ ಹೆಸರು ಮತ್ತು ಗುಪ್ತಪದ ಮಾಡಿ, ಆ ಫೋಲ್ಡರನ್ನು ಆ ಹೆಸರುಗಳಿಗೆ ಮಾತ್ರ ಹಂಚುವುದು. ಹಾರ್ಡ್ ಡಿಸ್ಕ್ ಪೆಟ್ಟಿಗೆಯಾದರೆ ತಯಾರಕರು ಬಿಡುಗಡೆ ಮಾಡಿರುವ ಹೊಸ ಫರ್ಮ್‌ವೇರನ್ನು ಹಾಕಿಸಿ, ಸಹಿ ಪರಿಶೀಲನೆಯನ್ನು ಅದು ಒಪ್ಪುವುದೇ ಎಂದು ಕೇಳಬೇಕು. ಒಪ್ಪದಿದ್ದರೆ ಅದರಲ್ಲಿರುವ ವರ್ಷಗಳ ಲೆಕ್ಕವನ್ನು, ಆ ಪೆಟ್ಟಿಗೆಯನ್ನು ತೆರೆಯಬಲ್ಲ ಹಳೆಯ ಯಂತ್ರ ಇನ್ನೂ ಕಚೇರಿಯಲ್ಲಿರುವಾಗಲೇ, ಹೊಸ ಡಿಸ್ಕಿಗೆ ನಕಲಿಸಿಕೊಳ್ಳಬೇಕು.